ಗೋಪಿನಾಥಂ ಕಾಡಲ್ಲಿ ಮಕ್ಕಳಿಗೆ ಯಾರ ಕಥೆ ಹೇಳ್ತೀರಿ?

ಏಪ್ರಿಲ್ ಬಂತು ಅಂದ್ರೆ ಬೇಸಿಗೆ ಶಿಬಿರಗಳ ಜಾಹೀರಾತು ಶುರು. ಈಜು, ಚಿತ್ರಕಲೆ, ಕೀಬೋರ್ಡು, ವೇದಗಣಿತ. ಈಗ ಆ ಪಟ್ಟಿಗೆ ಪ್ರಕೃತಿ ಶಿಬಿರವೂ ಸೇರಿದೆ. ಹೈಸ್ಕೂಲು ಮಕ್ಕಳನ್ನ ಬೆಳಗ್ಗೆ ಕಾಡಿಗೆ ಕರ್ಕೊಂಡು ಹೋಗಿ, ಹಕ್ಕಿ, ಮರ, ಹೆಜ್ಜೆ ಗುರುತು ತೋರಿಸಿ ಸಂಜೆ ಮನೆಗೆ ಬಿಡೋದು. ಒಳ್ಳೇದೇ. ಅಂಥ ಶಿಬಿರಕ್ಕೆ ಒಂದು ಜಾಗ ಹೇಳಿ ಅಂದ್ರೆ ನಾನು ಹೇಳೋದು ಗೋಪಿನಾಥಂ.

ಹೌದು, ಅದೇ ಗೋಪಿನಾಥಂ. ಹಿಂದೆ ಕೊಳ್ಳೇಗಾಲ ತಾಲ್ಲೂಕು, ಈಗ ಹನೂರು. 1952ರಲ್ಲಿ ವೀರಪ್ಪನ್ ಹುಟ್ಟಿದ ಊರು. ಇವತ್ತು ಅಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯ ಡೇರೆಗಳಿವೆ, ಚಾರಣ ಇದೆ. ಅದಕ್ಕಿಟ್ಟ ಹೆಸರು ‘ಮಿಸ್ಟರಿ ಟ್ರೇಲ್ಸ್’. ಎಲ್ಲಿದೆ ಸ್ವಾಮಿ ಮಿಸ್ಟರಿ? ಅಲ್ಲಿ ನಡೆದದ್ದೆಲ್ಲ ಎಫ್‌ಐಆರ್‌ನಲ್ಲಿದೆ, ಕೋರ್ಟಿನ ತೀರ್ಪುಗಳಲ್ಲಿದೆ. 1992ರ ಆಗಸ್ಟ್‌ನಲ್ಲಿ ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ಸತ್ತರು. 1993ರ ಏಪ್ರಿಲ್ 9ರಂದು ಪಾಲಾರ್ ಹತ್ತಿರ ನೆಲಬಾಂಬ್ ಸಿಡಿದು 22 ಜನ ಹೋದರು. ಇವನ್ನ ರೋಮಾಂಚನ ಅಂತ ಮಾರೋಕಾಗಲ್ಲ, ಅದರಲ್ಲೂ ಮಕ್ಕಳಿಗೆ.

ಆ ಊರಿನಲ್ಲಿ ಮಕ್ಕಳಿಗೆ ಹೇಳಲೇಬೇಕಾದ ಕಥೆ ಬೇರೆಯದು. ಪಿ. ಶ್ರೀನಿವಾಸ್ ಅಂತ ಒಬ್ಬ ಐಎಫ್‌ಎಸ್ ಅಧಿಕಾರಿ. ಊರು ಆಂಧ್ರದ ರಾಜಮಂಡ್ರಿ. ಬಂದೂಕು ಹಿಡಿದು ಕಾಡು ಸುತ್ತಿದರೆ ವೀರಪ್ಪನ್ ಸಿಗಲ್ಲ, ಊರವರ ವಿಶ್ವಾಸ ಗೆಲ್ಲಬೇಕು ಅಂತ ನಂಬಿದ ಮನುಷ್ಯ ಅವರು. ಗೋಪಿನಾಥಂಗೇ ಹೋಗಿ ಕೂತರು. ಜನಕ್ಕೆ ಮನೆ ಕಟ್ಟಿಸಿದರು, ಕುಡಿಯೋ ನೀರು ತಂದರು, ಔಷಧಿ ಕೊಡಿಸಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು. ವೀರಪ್ಪನ್ ಗುಂಪಿನ ಒಬ್ಬೊಬ್ಬರೇ ಶರಣಾಗತೊಡಗಿದರು. ಆಮೇಲೆ ತಾನೂ ಶರಣಾಗ್ತೀನಿ ಅಂತ ಅವನೇ ಹೇಳಿಕಳಿಸಿದ. ಇವರು ಆಯುಧ ಇಲ್ಲದೆ ಹೊರಟರು. 1991ರ ನವೆಂಬರ್ 10. ಗುಂಡಿಟ್ಟು ಕೊಂದು, ತಲೆ ಕಡಿದರು. ವಯಸ್ಸು ಬರೀ 37. ಮರುವರ್ಷ ಕೀರ್ತಿಚಕ್ರ ಬಂತು.

ಅವರು ಹೋದ ಮೇಲೆ ಆ ಊರಿಗೆ ಆದದ್ದನ್ನೂ ಮುಚ್ಚಿಡಬಾರದು. ಒಂದು ಕಡೆ ವೀರಪ್ಪನ್, ಇನ್ನೊಂದು ಕಡೆ ಕಾರ್ಯಾಚರಣೆ ಪಡೆ. ಸೌದೆಗೆ ಕಾಡಿಗೆ ಹೋದರೆ ಪೊಲೀಸರಿಗೆ ಅನುಮಾನ, ಪೊಲೀಸರ ಜೊತೆ ಮಾತಾಡಿದರೆ ಅವನಿಗೆ ಅನುಮಾನ. ಎಷ್ಟೋ ಜನ ಎರಡೂ ಕಡೆಯಿಂದ ಏಟು ತಿಂದರು. ಪಡೆಯ ದೌರ್ಜನ್ಯದ ದೂರುಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕು ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯನ್ನು ನೇಮಿಸಿತು. 2007ರಲ್ಲಿ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಅಂತ ಆಯೋಗ ಹೇಳ್ತು. ಹಿತ್ತಲಲ್ಲೇ ಕಾಡಿದ್ದರೂ ಒಂದು ತಲೆಮಾರಿನ ಮಕ್ಕಳಿಗೆ ಅದು ಹೆಜ್ಜೆ ಇಡಬಾರದ ಜಾಗ ಆಗಿಹೋಯ್ತು. ವೀರಪ್ಪನ್ ಸತ್ತಿದ್ದು 2004ರ ಅಕ್ಟೋಬರ್ 18ಕ್ಕೆ. ಅಲ್ಲಿವರೆಗೂ ಹೀಗೇ.

ಅದಕ್ಕೇ ನಾನು ಹೇಳೋದು, ಶಿಬಿರ ಮಾಡೋದಾದರೆ ಮೊದಲ ಸೀಟು ಅಲ್ಲಿಯ ಮಕ್ಕಳಿಗೆ ಕೊಡಿ. ಗೋಪಿನಾಥಂ, ಪಾಲಾರ್, ಮಲೆ ಮಹದೇಶ್ವರ ಬೆಟ್ಟದ ಸೋಲಿಗರ ಪೋಡುಗಳು. ಬೆಂಗಳೂರಿನ ಮಕ್ಕಳೂ ಬರಲಿ, ದುಡ್ಡು ಅವರೇ ಕೊಡಲಿ ಬಿಡಿ! ಶಾಲೆ ಮಕ್ಕಳನ್ನ ಕಾಡಿಗೆ ಕರೆದೊಯ್ಯೋ ‘ಚಿಣ್ಣರ ವನದರ್ಶನ’ ಅಂತ ಅರಣ್ಯ ಇಲಾಖೆಯದ್ದೇ ಕಾರ್ಯಕ್ರಮ ಇದೆ, ಹೊಸದಾಗಿ ಏನೂ ಕಂಡುಹಿಡಿಯಬೇಕಿಲ್ಲ.

ನೋಡೋಕೆ ಏನಿದೆ ಅಂತೀರಾ? 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮ ಅದು. ಹೊಳೆಯಲ್ಲಿ ಮೊಸಳೆ, ನೀರುನಾಯಿ, ಮಹಶೀರ್ ಮೀನು. ದಡದ ಮತ್ತಿಮರಗಳಲ್ಲಿ ಕರ್ನಾಟಕದಲ್ಲಿ ಬಲು ಅಪರೂಪವಾದ ಬೂದುಬಣ್ಣದ ದೊಡ್ಡ ಅಳಿಲು. ಕ್ಯಾಮೆರಾದಲ್ಲಿ ತರಕರಡಿ ಕೂಡ ಸಿಕ್ಕಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮೊಸಳೆಗಳು ಬಂಡೆ ಮೇಲೆ ಬಿಸಿಲು ಕಾಯಿಸ್ಕೊಂಡು ಬಿದ್ದಿರ್ತವೆ. ದೂರದಿಂದ ನೋಡ್ಬೇಕು ಅಷ್ಟೇ, ಸೆಲ್ಫಿ ಗಿಲ್ಫಿ ಬೇಡ.

ಆ ಕಡೆ ಬಿಸಿಲು ಜಾಸ್ತಿ. ಬೆಳಗ್ಗೆ ಆರಕ್ಕೆ ಹೊರಟರೆ ಹತ್ತರೊಳಗೆ ವಾಪಸ್ ಬಂದುಬಿಡಬೇಕು. ಆಮೇಲೆ ಮಕ್ಕಳನ್ನ ಮಾರಿಯಮ್ಮನ ಗುಡಿ ನೆರಳಲ್ಲಿ ಕೂರಿಸಿ ಮಜ್ಜಿಗೆ ಕೊಡಿ. ಶ್ರೀನಿವಾಸ್ ಅವರ ಫೋಟೊಗೆ ಊರವರು ಇವತ್ತಿಗೂ ಪೂಜೆ ಮಾಡ್ತಾರೆ. ಅವರ ಕಥೆಯನ್ನ ಅಲ್ಲಿ ಊರಿನ ಹಿರಿಯರೊಬ್ಬರ ಬಾಯಲ್ಲೇ ಹೇಳಿಸಿ. ಆಯುಧ ಇಲ್ಲದೆ ಯಾಕೆ ಹೋದ್ರು ಅಂತ ಯಾವುದಾದರೂ ಹುಡುಗಿ ಕೇಳೇ ಕೇಳ್ತಾಳೆ. ಕೇಳಲಿ.