ಪಟ್ಟೆಮರದ ಕೋವಿ

ಕೋವಿಯೆಂದೊಡನೆ ನಮ್ಮ ಕಣ್ಣು ಹರಿಯುವುದು ನಳಿಗೆಯ ಕಡೆಗೆ. ಬೆಂಕಿ, ಹೊಗೆ, ಸದ್ದು ಎಲ್ಲವೂ ಅಲ್ಲಿಯವೇ. ಆ ಉಕ್ಕನ್ನು ಹೊತ್ತು, ಹಿಡಿದವನ ಭುಜಕ್ಕೆ ಒರಗಿ, ಗುಂಡು ಹಾರಿದಾಗಿನ ಒದೆತವನ್ನು ತಾಳಿಕೊಳ್ಳುವ ಮರದ ಹಿಡಿಯನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಆದರೆ ಅಮೆರಿಕದ ಬೇಟೆಗಾರರ ಕೈಯಲ್ಲಿ ಇಂದು ಕಾಣುವ ಕೆಲವು ಹಿಡಿಗಳು ನೋಡುವವರನ್ನು ತಡೆದು ನಿಲ್ಲಿಸುತ್ತವೆ. ಕಂದು, ಬೂದು, ಹಸಿರು ಪಟ್ಟೆಗಳು ಒಂದರ ಪಕ್ಕದಲ್ಲೊಂದು ಓಡಿ, ಕೆತ್ತನೆ ಬಾಗುವಲ್ಲಿ ಭೂಪಟದ ಬೆಟ್ಟದ ಗೆರೆಗಳಂತೆ ಸುತ್ತಿಕೊಳ್ಳುತ್ತವೆ. ಇದು ಮೇಲೆ ಬಳಿದ ಬಣ್ಣವಲ್ಲ. ಮೈಸೂರಿನ ಕುಶಲಕರ್ಮಿಗಳು ಬೀಟೆಯ ಹಲಗೆಯಲ್ಲಿ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ ಚಿತ್ರ ಬಿಡಿಸುವ ಕೆಲಸವೂ ಅಲ್ಲ. ಅಲ್ಲಿ ಚಿತ್ರ ಮೇಲ್ಮೈಯಲ್ಲಿದೆ. ಇಲ್ಲಿ ಹಿಡಿಯ ಒಡಲೆಲ್ಲ ಪದರ ಪದರ. ಉಳಿ ಎಷ್ಟು ಆಳಕ್ಕೆ ಇಳಿದರೂ ಪಟ್ಟೆ ಅಳಿಯದು.

ಈ ಸೊಗಸು ಹುಟ್ಟಿದ್ದು ಸೊಗಸಿನ ಬಯಕೆಯಿಂದಲ್ಲ, ಕೊರತೆಯಿಂದ ಎಂಬುದೇ ಸ್ವಾರಸ್ಯ.

ಯುರೋಪು, ಅಮೆರಿಕಗಳಲ್ಲಿ ಕೋವಿಯ ಹಿಡಿಗೆ ಆಕ್ರೋಟದ ಮರವೇ ಶ್ರೇಷ್ಠವೆನಿಸಿತ್ತು. ಅದು ಗಟ್ಟಿಯಾದರೂ ತೀರ ಭಾರವಲ್ಲ, ಉಳಿಗೆ ಒಲಿಯುತ್ತದೆ, ಒದೆತಕ್ಕೆ ಬೇಗ ಸೀಳುವುದಿಲ್ಲ. ಆದರೆ ಮರ ಬಲಿಯಲು ಹಲವು ದಶಕಗಳು ಬೇಕು. ಕಡಿದ ಮೇಲೆ ನೆರಳಿನಲ್ಲಿ ಒಣಗಲು ಮತ್ತೆ ವರ್ಷಗಳು ಬೇಕು. ಯುದ್ಧಕ್ಕೆ ಅಷ್ಟು ತಾಳ್ಮೆಯೆಲ್ಲಿ? 1918ರಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ನರು, ಕಪ್ಪು ಆಕ್ರೋಟದ ಮರಗಳು ಎಲ್ಲೆಲ್ಲಿವೆಯೆಂದು ಹುಡುಕಿ ತಿಳಿಸಬೇಕೆಂದು ಸ್ಕೌಟ್ ಬಾಲಕರನ್ನೇ ಕೇಳಿಕೊಂಡರು. ಕೋವಿಯ ಹಿಡಿಗೂ ವಿಮಾನದ ಪ್ರೊಪೆಲ್ಲರಿಗೂ ಆ ಮರ ಬೇಕಾಗಿತ್ತು. ಅಜ್ಜ ನೆಟ್ಟ ಮರವನ್ನು ಮೊಮ್ಮಗ ಸೈನ್ಯಕ್ಕೆ ತೋರಿಸಿಕೊಡಬೇಕಾದ ಕಾಲ ಅದು.

ಎರಡನೆಯ ಮಹಾಯುದ್ಧಕ್ಕೆ ಸಿದ್ಧವಾಗುತ್ತಿದ್ದ ಜರ್ಮನಿ ಇದಕ್ಕೆ ಬೇರೊಂದು ದಾರಿ ಹುಡುಕಿತು. 1935ರಲ್ಲಿ ಅದರ ಸೈನ್ಯ ಅಂಗೀಕರಿಸಿದ ಮೌಸರ್ ಕೋವಿ, ಕಾರಾಬೀನರ್ 98ಕೆ, ಮೊದಮೊದಲು ಇಡೀ ಮರದ ಹಿಡಿಯನ್ನೇ ಹೊಂದಿತ್ತು. ಹಲವು ವರ್ಷಗಳ ಪರೀಕ್ಷೆಯ ತರುವಾಯ, 1937ರಿಂದ, ತೆಳ್ಳನೆಯ ಹಾಳೆಗಳನ್ನು ಅಂಟಿಸಿ ಒತ್ತಿದ ಹಿಡಿಗಳು ಬಂದವು. ಹಾಳೆಗಳು ಹೆಚ್ಚಾಗಿ ಬೀಚ್ ಮರದವು. ಹಳೆಯ ಮರವಜ್ರ ನೀರಿಗೆ ಬಿಡುತ್ತಿತ್ತು. ಆದರೆ 1907ರಲ್ಲಿ ಲಿಯೋ ಬೇಕ್‌ಲೆಂಡ್ ಕಂಡುಹಿಡಿದ ಬೇಕಲೈಟಿನ ಜಾತಿಯ ರಾಳಗಳು ಮಳೆ, ಕೆಸರುಗಳಿಗೆ ಜಗ್ಗುವಂಥವಲ್ಲ.

ಇದರಿಂದ ಆದ ಲಾಭ ಮರದ ಉಳಿತಾಯವೊಂದೇ ಅಲ್ಲ. ಇಡೀ ಮರ ಉಸಿರಾಡುವ ವಸ್ತು. ತೇವ ಕುಡಿದು ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಹಿಡಿ ಕೂದಲೆಳೆಯಷ್ಟು ಸೊಟ್ಟಗಾಗಿ ನಳಿಗೆಯನ್ನು ಒತ್ತಿದರೂ ಗುರಿ ತಪ್ಪುತ್ತದೆ. ಪದರಗಳ ಹಿಡಿಯಲ್ಲಿ ಒಂದು ಹಾಳೆಯ ಗಂಟು, ಬಿರುಕು ಪಕ್ಕದ ಹಾಳೆಗೆ ಹಬ್ಬುವುದಿಲ್ಲ. ಒಂದರ ಸೆಳೆತವನ್ನು ಇನ್ನೊಂದು ತಡೆಯುತ್ತದೆ. ತೂಕ ಮಾತ್ರ ತುಸು ಹೆಚ್ಚು. ಒಗ್ಗಟ್ಟಿನಲ್ಲಿ ಬಲವಿದೆಯೆಂಬ ಮಾತು ಮರಕ್ಕೂ ಸಲ್ಲುತ್ತದೆ.

ಯುದ್ಧ ಮುಗಿದರೂ ಈ ವಿದ್ಯೆ ಮುಗಿಯಲಿಲ್ಲ. ಸೋವಿಯತ್ ದೇಶದಲ್ಲಿ 1959ರ ಎಕೆಎಂ ಕೋವಿಗೆ ಬರ್ಚ್ ಮರದ ಪದರಗಳ ಹಿಡಿ ಬಂತು. ನಮ್ಮ ಪೂರ್ವಿಕರು ಗ್ರಂಥ ಬರೆದ ಭೂರ್ಜಪತ್ರದ ಮರ ಇದೇ ಬಳಗದ್ದು! ಅಮೆರಿಕದಲ್ಲಿ ಮನೆಯಂಗಳದ ಬಡಗಿಗಳು ಕಪ್ಪು ಆಕ್ರೋಟದ ನಡುವೆ ಬಿಳುಪಾದ ಮೇಪಲ್ ಹಲಗೆಯಿಟ್ಟು ಅಂಟಿಸಿ, ತಮ್ಮ ಕೋವಿಗೆ ತಾವೇ ಪಟ್ಟೆ ಬರೆದರು. ಸೈನ್ಯ ಬರಿಯ ಉಪಯುಕ್ತತೆಯೆಂದು ಕಂಡದ್ದನ್ನು ಇವರು ಅಲಂಕಾರವೆಂದು ಕಂಡರು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಾರ್ಖಾನೆಗಳೂ ಅದೇ ಜಾಡು ಹಿಡಿದವು. ಬರ್ಚ್ ದಿಮ್ಮಿಯನ್ನು ತಿರುಗಿಸುತ್ತ ಸುಮಾರು ಒಂದೂವರೆ ಮಿಲಿಮೀಟರಿನ ಹಾಳೆ ಸುಲಿದು, ಬಣ್ಣದಲ್ಲಿ ಅದ್ದಿ, ರಾಳ ಹಚ್ಚಿ, ಶಾಖಕೊಟ್ಟು ಒತ್ತಿದರೆ ಬಣ್ಣದ ದಿಮ್ಮಿ ಸಿದ್ಧ.

ಇಂಥ ದಿಮ್ಮಿಗಳನ್ನು ಕೋವಿ ತಯಾರಕರಿಗೆ ಒದಗಿಸುತ್ತಿದ್ದ ಪ್ರಮುಖ ಕಾರ್ಖಾನೆಯೊಂದು ವರ್ಮಾಂಟ್ ರಾಜ್ಯದ ರಟ್‌ಲೆಂಡ್ ಊರಿನಲ್ಲಿತ್ತು. 2014ರ ಆಗಸ್ಟಿನಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಕೊರತೆಯನ್ನು ನೀಗಲೆಂದು ಹುಟ್ಟಿದ ಮರಕ್ಕೇ ಆಗ ಕೊರತೆಯ ಭಯ ಬಂತು.

ಆಕ್ರೋಟದ ಹಿಡಿಯಲ್ಲಿ ಕಾಣುವ ಗೆರೆಗಳನ್ನು ಬರೆದದ್ದು ಮಳೆ ಬಿಸಿಲು. ಒಂದೊಂದು ಗೆರೆಗೆ ಒಂದೊಂದು ವರ್ಷ. ಪಟ್ಟೆಮರದ ಗೆರೆಗಳನ್ನು ಮೊದಲು ಬರೆದದ್ದು ಮನುಷ್ಯನ ಅವಸರ. ಆ ಅವಸರವನ್ನೂ ಚೆಲುವಾಗಿಸಿದ್ದು ಬಡಗಿಯ ಕೈ.