ಕಲ್ಲಿನೊಳಗಿನ ಆಮ್ಲದ ಲೆಕ್ಕ

ಗಣಿಗಳಿಂದ ತೆಗೆದು ಹೊರಗೆ ಸುರಿಯುವ ತ್ಯಾಜ್ಯ ಬಂಡೆಯಲ್ಲಿ ಹಲವೆಡೆ ಪೈರೈಟ್ ಇರುತ್ತದೆ. ಕಬ್ಬಿಣ ಮತ್ತು ಗಂಧಕ ಕೂಡಿದ ಈ ಖನಿಜ ಗಾಳಿ ತಾಗದ ಆಳದಲ್ಲಿ ಇರುವವರೆಗೆ ನಿರುಪದ್ರವಿ. ಬಂಡೆಯನ್ನು ಒಡೆದು ರಾಶಿ ಹಾಕಿದಾಗ ಆಮ್ಲಜನಕವೂ ಮಳೆನೀರೂ ಅದನ್ನು ಮುಟ್ಟುತ್ತವೆ, ಗಂಧಕಾಮ್ಲ ಹುಟ್ಟುತ್ತದೆ. ಆ ಆಮ್ಲ ದಾರಿಯಲ್ಲಿನ ಲೋಹಗಳನ್ನು ಕರಗಿಸಿಕೊಂಡು ಹಳ್ಳ ಹೊಳೆಗಳಿಗೆ ಇಳಿಯುತ್ತದೆ. ಒಮ್ಮೆ ಆರಂಭವಾದ ಈ ಹರಿವು ದಶಕಗಳ ಕಾಲ ನಿಲ್ಲದಿರಬಹುದು.

ಗಣಿಗಾರಿಕೆ ನೀರನ್ನು ಕೆಡಿಸುತ್ತದೆ ಎಂಬ ಅರಿವು ಹಳೆಯದು. ಅದಿರು ತೊಳೆದ ನೀರು ಹೊಳೆಗಳ ಮೀನುಗಳನ್ನು ಕೊಲ್ಲುತ್ತದೆ ಎಂಬ ದೂರನ್ನು ಜರ್ಮನಿಯ ಗೇಯಾರ್ಗ್ ಅಗ್ರಿಕೋಲಾ 1556ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲೇ ದಾಖಲಿಸಿದ್ದ. ಗಣಿಯ ಆಮ್ಲನೀರಿನಲ್ಲಿ ಕಬ್ಬಿಣವನ್ನು ಉತ್ಕರ್ಷಿಸಿ ಈ ಕ್ರಿಯೆಗೆ ವೇಗ ಕೊಡುವ ಬ್ಯಾಕ್ಟೀರಿಯಾಗಳಿವೆ ಎಂದು ವಿಜ್ಞಾನಿಗಳಾದ ಕೋಲ್ಮರ್ ಮತ್ತು ಹಿಂಕಲ್ 1947ರಲ್ಲಿ ತೋರಿಸಿದರು. ಆದರೂ ಯಾವ ಬಂಡೆ ಆಮ್ಲ ಬಿಡುತ್ತದೆ, ಯಾವುದು ಬಿಡುವುದಿಲ್ಲ ಎಂದು ಅಗೆಯುವ ಮೊದಲೇ ಹೇಳಬಲ್ಲ ಸರಳ ವಿಧಾನ ರೂಢಿಗೆ ಬಂದಿರಲಿಲ್ಲ.

ಅಂಥ ವಿಧಾನ ರೂಪುಗೊಂಡದ್ದು ಅಮೆರಿಕದ ಪಶ್ಚಿಮ ವರ್ಜೀನಿಯಾದ ಕಲ್ಲಿದ್ದಲು ಸೀಮೆಯಲ್ಲಿ, 1970ರ ದಶಕದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ಮಣ್ಣು ವಿಜ್ಞಾನಿ ರಿಚರ್ಡ್ ಮೆರಿವೆದರ್ ಸ್ಮಿತ್ ಮತ್ತು ಸಂಗಡಿಗರು, ಹುಳಿ ಮಣ್ಣಿನ ಹೊಲಕ್ಕೆ ಎಷ್ಟು ಸುಣ್ಣ ಬೇಕೆಂದು ಲೆಕ್ಕ ಹಾಕುವ ಕೃಷಿ ಪದ್ಧತಿಯನ್ನೇ ಬಂಡೆಗೂ ಅನ್ವಯಿಸಿದರು. ಫಲಿತಾಂಶವನ್ನು ‘ಸಾವಿರ ಟನ್ನಿಗೆ ಇಷ್ಟು ಟನ್’ ಎಂದು ಬರೆಯುವ ರೂಢಿಯ ಮೂಲವೂ ಹೊಲವೇ: ಒಂದು ಎಕರೆಯಲ್ಲಿ ನೇಗಿಲು ಉಳುವಷ್ಟು ಆಳದ ಮಣ್ಣಿನ ತೂಕ ಸುಮಾರು 1000 ಟನ್.

ಲೆಕ್ಕದಲ್ಲಿ ಎರಡು ಬದಿಗಳಿವೆ. ಮೊದಲನೆಯದು ಬಂಡೆ ಉತ್ಪಾದಿಸಬಲ್ಲ ಗರಿಷ್ಠ ಆಮ್ಲ. ಪೈರೈಟ್ ರೂಪದಲ್ಲಿ ಶೇ. 1ರಷ್ಟು ಗಂಧಕವಿರುವ 1000 ಟನ್ ಬಂಡೆಯಿಂದ ಹೊಮ್ಮುವ ಆಮ್ಲವನ್ನು ತಟಸ್ಥಗೊಳಿಸಲು 31.25 ಟನ್ ಕ್ಯಾಲ್ಸಿಯಂ ಕಾರ್ಬೋನೇಟ್ ಬೇಕು. ಎರಡನೆಯದು ಬಂಡೆಯಲ್ಲೇ ಇರುವ ಸುಣ್ಣದಂಥ ಖನಿಜಗಳ ತಟಸ್ಥಗೊಳಿಸುವ ಶಕ್ತಿ. ಇದನ್ನು ಅಳೆಯಲು ಪುಡಿಮಾಡಿದ ಮಾದರಿಗೆ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟು ಎಷ್ಟು ನೊರೆಯುತ್ತದೆ ಎಂದು ಮೊದಲು ನೋಡುತ್ತಾರೆ. ಆ ನೊರೆಗೆ ತಕ್ಕ ಪ್ರಮಾಣದಲ್ಲಿ ಆಮ್ಲ ಬೆರೆಸಿ ಕಾಯಿಸಿ, ಖರ್ಚಾಗದೆ ಉಳಿದ ಆಮ್ಲವನ್ನು ಕ್ಷಾರದಿಂದ ಅಳೆಯುತ್ತಾರೆ. ಎರಡೂ ಬದಿಗಳನ್ನು ಹೋಲಿಸಿ, ಸಾವಿರ ಟನ್ನಿಗೆ 5 ಟನ್ ಅಥವಾ ಅದಕ್ಕಿಂತ ಹೆಚ್ಚು ಕ್ಯಾಲ್ಸಿಯಂ ಕಾರ್ಬೋನೇಟಿನ ಕೊರತೆ ಕಂಡ ಪದರವನ್ನು ಅಪಾಯಕಾರಿ ಎಂದು ಗುರುತಿಸಲಾಯಿತು.

1977ರಲ್ಲಿ ಅಮೆರಿಕ ಜಾರಿಗೆ ತಂದ ತೆರೆದ ಕಲ್ಲಿದ್ದಲು ಗಣಿಗಳ ಕಾಯ್ದೆ, ಆಮ್ಲ ಬಿಡಬಹುದಾದ ಮೇಲ್ಪದರಗಳ ರಾಸಾಯನಿಕ ವಿಶ್ಲೇಷಣೆಯನ್ನು ಪರವಾನಗಿ ಅರ್ಜಿಯ ಭಾಗವಾಗಿಸಿತು. ಮರುವರ್ಷ ಈ ಲೆಕ್ಕದ ವಿಧಾನವನ್ನು ವಿವರಿಸುವ, ಸೋಬೆಕ್ ಮತ್ತು ಸಹಲೇಖಕರ ಕೈಪಿಡಿಯನ್ನು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಪ್ರಕಟಿಸಿತು. ಈ ವಿಧಾನ ಇಂದಿಗೂ ಸೋಬೆಕ್ ಹೆಸರಿನಲ್ಲೇ ಪ್ರಸಿದ್ಧ.

ಲೋಹದ ಗಣಿಗಳಿಗೂ ಬಳಕೆ ಹರಡಿದಂತೆ ವಿಧಾನದ ಮಿತಿಗಳು ಗೋಚರಿಸಿದವು. ಗಂಧಕವೆಲ್ಲವೂ ಆಮ್ಲವಾಗುವುದಿಲ್ಲ, ಜಿಪ್ಸಂನಲ್ಲಿರುವ ಗಂಧಕ ಹಾಗೆಯೇ ಉಳಿಯುತ್ತದೆ. ಕಬ್ಬಿಣದ ಕಾರ್ಬೋನೇಟ್ ಆದ ಸಿಡರೈಟ್ ಪರೀಕ್ಷೆಯಲ್ಲಿ ಆಮ್ಲವನ್ನು ಹೀರಿದಂತೆ ತೋರಿದರೂ, ಮುಂದೆ ಅದರ ಕಬ್ಬಿಣ ಉತ್ಕರ್ಷಣಗೊಂಡು ಅಷ್ಟೇ ಆಮ್ಲವನ್ನು ಮರಳಿ ಬಿಡುತ್ತದೆ. ಕೆನಡಾದಲ್ಲಿ ಸರ್ಕಾರಗಳೂ ಗಣಿ ಉದ್ಯಮವೂ ಕೂಡಿ 1989ರಲ್ಲಿ ಆರಂಭಿಸಿದ ‘ಮೆಂಡ್’ ಕಾರ್ಯಕ್ರಮ ಇಂಥ ಪರೀಕ್ಷೆಗಳ ಸುಧಾರಣೆಗೆ ದೊಡ್ಡ ಬಲ ನೀಡಿತು. ಆಸ್ಟ್ರೇಲಿಯಾದಲ್ಲಿ ಹೈಡ್ರೋಜನ್ ಪೆರಾಕ್ಸೈಡಿನಿಂದ ಪೈರೈಟನ್ನು ಬೇಗನೆ ಉತ್ಕರ್ಷಿಸಿ, ಕೊನೆಗೆ ದ್ರಾವಣದ ಪಿಎಚ್ 4.5ಕ್ಕಿಂತ ಕೆಳಗಿಳಿಯುತ್ತದೆಯೇ ಎಂದು ನೋಡುವ ಪರೀಕ್ಷೆ ಬಳಕೆಗೆ ಬಂತು.

ಇವೆಲ್ಲ ಒಟ್ಟು ಸಾಮರ್ಥ್ಯವನ್ನು ತಿಳಿಸುತ್ತವೆಯೇ ಹೊರತು, ಆಮ್ಲ ಎಷ್ಟು ವೇಗವಾಗಿ ಹುಟ್ಟುತ್ತದೆ ಎಂಬುದನ್ನಲ್ಲ. ಅದಕ್ಕಾಗಿ ತೇವಾಂಶ ಕೋಶದ ಪರೀಕ್ಷೆ ಇದೆ. ಅಮೆರಿಕದಲ್ಲಿ 1996ರಲ್ಲಿ ಅದಕ್ಕೆ ಅಧಿಕೃತ ಮಾನಕ ರೂಪ ದೊರೆಯಿತು. ಸುಮಾರು ಒಂದು ಕಿಲೋ ಪುಡಿಬಂಡೆಗೆ ಮೂರು ದಿನ ಒಣ ಗಾಳಿ, ಮೂರು ದಿನ ತೇವದ ಗಾಳಿ ಹಾಯಿಸಿ, ಏಳನೆಯ ದಿನ ನೀರಿನಿಂದ ತೊಳೆದು ಆ ನೀರನ್ನು ಪರೀಕ್ಷಿಸಲಾಗುತ್ತದೆ. ಈ ಚಕ್ರ ಕನಿಷ್ಠ 20 ವಾರ, ಹಲವೊಮ್ಮೆ ವರ್ಷಕ್ಕೂ ಮಿಕ್ಕಿ ನಡೆಯುತ್ತದೆ. ಇಂದು ಮೊದಲು ಅಗ್ಗದ ಲೆಕ್ಕದಿಂದ ಬಂಡೆಗಳನ್ನು ವಿಂಗಡಿಸಿ, ಅನುಮಾನ ಉಳಿದವನ್ನು ಈ ದೀರ್ಘ ಪರೀಕ್ಷೆಗೆ ಒಡ್ಡುವುದು ವಾಡಿಕೆ. ಯಾವ ಬಂಡೆಯನ್ನು ನೀರಿನಡಿ ಇಡಬೇಕು, ಯಾವುದನ್ನು ಜೇಡಿಮಣ್ಣಿನಿಂದ ಮುಚ್ಚಬೇಕು, ಯಾವುದನ್ನು ರಸ್ತೆ ಕಟ್ಟಲು ಬಳಸಬಹುದು ಎಂಬುದು ಈ ಫಲಿತಾಂಶಗಳ ಮೇಲೆಯೇ ನಿರ್ಧಾರವಾಗುತ್ತದೆ.