ಅಮ್ಮನ ಡೇರೆ ಗಡ್ಡೆ

ನಮ್ಮ ಸಾಗರದ ಕಡೆ ಡೇರೆ ಎಂದರೆ ಜಾತ್ರೆಯ ಗುಡಾರವಲ್ಲ, ಹೂವು. ಪುಸ್ತಕದವರು ಅದನ್ನು ಡೇಲಿಯಾ ಎನ್ನುತ್ತಾರೆ. ಜಡಿಮಳೆ ಸ್ವಲ್ಪ ಹಿಂದೆ ಸರಿದು ಚೌತಿ ಹತ್ತಿರ ಬಂತೆಂದರೆ ಪ್ರತಿ ಮನೆಯ ಅಂಗಳದ ಅಂಚಿನಲ್ಲೂ ಊಟದ ತಟ್ಟೆಯಷ್ಟಗಲದ ಹೂವುಗಳು ಕೋಲಿಗೆ ಕಟ್ಟಿಸಿಕೊಂಡು ನಿಂತಿರುತ್ತವೆ. ಯಾರ ಮನೆಗೆ ಹೋದರೂ ಹೆಂಗಸರ ಮಾತು ಕಾಫಿ ಮುಗಿಯುತ್ತಲೇ ಅಂಗಳಕ್ಕೆ ಇಳಿಯುತ್ತದೆ. "ಈ ಬಣ್ಣ ನಮ್ಮಲ್ಲಿಲ್ಲ, ಗಡ್ಡೆ ಕಿತ್ತಾಗ ನನಗೊಂದು ಇಡಿ" ಎಂದು ಹೇಳಿಯೇ ಮೆಟ್ಟಿಲಿಳಿಯುವುದು. ಕೇಳಿದರೆ ಕೊಡದವರ ಮನೆಯಿಂದ ಕದ್ದದ್ದೂ ಉಂಟು. ಕದ್ದ ಗಿಡ ಚೆನ್ನಾಗಿ ಚಿಗುರುತ್ತದೆ ಎಂಬ ನಂಬಿಕೆ ಕಳ್ಳಿಯರ ಬೆನ್ನಿಗೆ ಸದಾ ಇರುತ್ತಿತ್ತು.

ಅಮ್ಮನ ಹತ್ತಿರ ಒಂದು ವಿಶೇಷದ ಡೇರೆ ಇತ್ತು. ಅಂಚಿನಲ್ಲಿ ತಿಳಿ ಗುಲಾಬಿ, ಒಳಗೆ ಹೋದಂತೆ ಬೆಣ್ಣೆಯ ಬಣ್ಣ. ಅವಳ ತವರಿನಿಂದ ಬಂದದ್ದು. 1994ರಲ್ಲಿ ನಾನು ಮದುವೆಯಾಗಿ ದಾವಣಗೆರೆಗೆ ಹೊರಟಾಗ ಟ್ರಂಕಿನ ಮೂಲೆಯಲ್ಲಿ ಬಾಳೆಪಟ್ಟೆಯಲ್ಲಿ ಸುತ್ತಿದ ನಾಲ್ಕು ಗಡ್ಡೆ ಇಟ್ಟಳು. ಚಿನ್ನ ಕೊಡುವಾಗ ಏನೂ ಹೇಳದವಳು ಗಡ್ಡೆ ಕೊಡುವಾಗ ಮಾತ್ರ, "ಕುತ್ತಿಗೆ ಮುರೀಬೇಡ. ಕಣ್ಣಿರೋದು ಅಲ್ಲೇ" ಎಂದಳು.

ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಡೇರೆಗೆ ಹಾಗಲ್ಲ. ಹಳೆಯ ದಂಟಿಗೆ ಅಂಟಿದ ಕುತ್ತಿಗೆಯ ಭಾಗದಲ್ಲಷ್ಟೇ ಚಿಗುರುವ ಕಣ್ಣು. ಅದು ಮುರಿದರೆ ಗಡ್ಡೆ ಎಷ್ಟೇ ದಪ್ಪಗಿರಲಿ, ಮಣ್ಣಿನಲ್ಲಿ ಸುಮ್ಮನೆ ಮಲಗಿ ಕೊಳೆಯುತ್ತದೆ. ನಾನು ಕುತ್ತಿಗೆಯನ್ನೇನೋ ಜೋಪಾನ ಮಾಡಿದೆ. ಮೊದಲ ವರ್ಷ ಎರಡು ಹೂವೂ ಬಿಟ್ಟವು. ಆಮೇಲೆ ಗಿಡ ಒಣಗಿತು. ದಾವಣಗೆರೆಯ ಬಿಸಿಲಿಗೆ ಹೆದರಿ, ಹೊಸ ಸೊಸೆಯ ಉತ್ಸಾಹದಲ್ಲಿ, ಬೇಸಿಗೆಯಿಡೀ ಆ ಕುಂಡಗಳಿಗೆ ನೀರು ಹಾಕಿದೆ. ಡೇರೆ ಆಗ ನಿದ್ದೆಯಲ್ಲಿರುತ್ತದೆ, ಅದಕ್ಕೆ ನೀರು ಬೇಡ ಎಂಬುದು ಅಮ್ಮನಿಗೆ ಎಷ್ಟು ಸಹಜವಾಗಿ ಗೊತ್ತಿತ್ತೆಂದರೆ ಬಾಯಿಬಿಟ್ಟು ಹೇಳಬೇಕೆಂದು ಅವಳಿಗೆ ತೋರಿರಲಿಲ್ಲ. ಜೂನ್‌ನಲ್ಲಿ ಮಣ್ಣು ಬಗೆದರೆ ಕೈಗೆ ಸಿಕ್ಕಿದ್ದು ನಾರುವ ಲೋಳೆ.

ಅಮ್ಮನ ಪತ್ರದ ಕೊನೆಯ ಸಾಲು ಯಾವಾಗಲೂ ಒಂದೇ: "ಡೇರೆ ಹೇಗಿದೆ?" ನಾನು "ಚೆನ್ನಾಗಿದೆ" ಎಂದು ಬರೆದೆ. ಆ ಸುಳ್ಳನ್ನು ಇಪ್ಪತ್ತು ವರ್ಷಕ್ಕೂ ಮೇಲೆ ಸಾಕಿದೆ. ಗಡ್ಡೆಗಿಂತ ಚೆನ್ನಾಗಿ ಸಾಕಿದೆ.

ಪ್ರೌಢಶಾಲೆಯಲ್ಲಿ ಸಮಾಜ ಪಾಠ ಮಾಡುವವಳು ನಾನು. ಸ್ಪೇನಿನವರು 1521ರಲ್ಲಿ ಮೆಕ್ಸಿಕೋದ ಅಜ್ಟೆಕ್ ರಾಜಧಾನಿಯನ್ನು ಗೆದ್ದದ್ದನ್ನು ಎಷ್ಟೋ ಸಲ ಹೇಳಿದ್ದೇನೆ. ಅಲ್ಲಿಂದ ಲೋಕಕ್ಕೆ ಬಂದ ಮೆಣಸಿನಕಾಯಿ, ಮೆಕ್ಕೆಜೋಳಗಳ ಪಟ್ಟಿಯನ್ನೂ ಬರೆಸಿದ್ದೇನೆ. ನಮ್ಮಂಗಳದ ಡೇರೆಯೂ ಅದೇ ನೆಲದ್ದು ಎಂದು ತಿಳಿದದ್ದು ಬಹಳ ತಡವಾಗಿ, ಒಂದು ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಕ್ಕಳನ್ನು ತಯಾರು ಮಾಡುವಾಗ.

ಸ್ಪೇನಿನ ರಾಜ ಎರಡನೆಯ ಫಿಲಿಪ್ ತನ್ನ ವೈದ್ಯ ಫ್ರಾನ್ಸಿಸ್ಕೋ ಹೆರ್ನಾಂದೆಸ್‌ನನ್ನು ಮೆಕ್ಸಿಕೋಕ್ಕೆ ಕಳಿಸಿದ. 1570ರ ದಶಕದಲ್ಲಿ ಆತ ಅಲ್ಲಿ ತಿರುಗಾಡಿ, ಸ್ಥಳೀಯರನ್ನು ಕೇಳಿ ಕೇಳಿ, ಸಾವಿರಾರು ಸಸ್ಯಗಳ ವಿವರ ಬರೆದ. ಅವುಗಳಲ್ಲಿ ಡೇರೆಯ ಪೂರ್ವಜರೂ ಇದ್ದವು. ಅಲ್ಲಿಯವರು ಅದನ್ನು ಕರೆಯುತ್ತಿದ್ದ ಒಂದು ಹೆಸರಿಗೆ ನೀರಿನ ಕೊಳವೆ ಎಂಬ ಅರ್ಥವಂತೆ. ಓದಿದಾಗ ನನಗೆ ಅಮ್ಮನ ಕೈ ನೆನಪಾಯಿತು. ಡೇರೆಯ ದಂಟು ಟೊಳ್ಳು. ಹೂವಿನ ಕಾಲ ಮುಗಿದು ದಂಟು ಕೊಯ್ದ ಮೇಲೆ ಮಳೆನೀರು ಆ ಕೊಳವೆಯಲ್ಲಿ ಇಳಿದು ಗಡ್ಡೆ ಕೊಳೆಯದಿರಲೆಂದು ಅವಳು ಅದರ ಬಾಯಿಗೆ ಸೆಗಣಿ ಮೆತ್ತುತ್ತಿದ್ದಳು. ಹೆರ್ನಾಂದೆಸ್‌ನ ಮೂಲ ಹಸ್ತಪ್ರತಿಗಳು 1671ರಲ್ಲಿ ಎಸ್ಕೋರಿಯಲ್ ಅರಮನೆಗೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋದವು. ಅದೃಷ್ಟಕ್ಕೆ ಅದರ ಸಾರ 1651ರಲ್ಲೇ ರೋಮ್‌ನಲ್ಲಿ ಅಚ್ಚಾಗಿತ್ತು.

ಹೂವು ಮಾತ್ರ ಯೂರೋಪಿಗೆ ಬಂದದ್ದು ಇನ್ನೂರು ವರ್ಷದ ನಂತರ. ಮೆಕ್ಸಿಕೋ ನಗರದ ಸಸ್ಯೋದ್ಯಾನದಿಂದ ಬಂದ ಬೀಜಗಳನ್ನು ಮ್ಯಾಡ್ರಿಡ್‌ನ ರಾಜೋದ್ಯಾನದಲ್ಲಿ ಬೆಳೆಸಿ, ಕವನಿಯೆಸ್ ಎಂಬ ಪಾದ್ರಿ-ವಿಜ್ಞಾನಿ 1791ರಲ್ಲಿ ಅದಕ್ಕೆ ಡೇಲಿಯಾ ಎಂದು ಹೆಸರಿಟ್ಟ. ಲಿನೇಯಸ್‌ನ ಶಿಷ್ಯ, ಸ್ವೀಡನ್ನಿನ ಆಂಡರ್ಸ್ ಡಾಲ್‌ನ ನೆನಪಿಗೆ. ಆ ಡಾಲ್ 1789ರಲ್ಲೇ ತೀರಿಕೊಂಡಿದ್ದ. ಅವನ ಹೆಸರು ಸಮುದ್ರ ದಾಟಿ, ನಮ್ಮ ಅಜ್ಜಿಯಂದಿರ ಬಾಯಲ್ಲಿ ಸವೆದು ಡೇರೆಯಾಯಿತು! ಮೊದಮೊದಲು ಯೂರೋಪಿನವರು ಈ ಗಡ್ಡೆಯನ್ನು ಆಲೂಗಡ್ಡೆಯ ಹಾಗೆ ತಿನ್ನಲು ನೋಡಿದರು, ರುಚಿಸಲಿಲ್ಲ. ನೆಪೋಲಿಯನ್ನನ ಹೆಂಡತಿ ಜೋಸೆಫೀನ್ ತನ್ನ ಮಾಲ್ಮೇಸನ್ ತೋಟದಲ್ಲಿ ಬೆಳೆಸಿದಳು. ಅವಳು ಯಾರಿಗೂ ಗಡ್ಡೆ ಕೊಡುತ್ತಿರಲಿಲ್ಲ, ಕೊನೆಗೆ ಮಾಲಿಯ ಕೈ ಬಿಸಿ ಮಾಡಿ ಕದ್ದೊಯ್ದರು ಎಂಬ ಕಥೆಯಿದೆ. ನಿಜವೋ ಸುಳ್ಳೋ, ನಮ್ಮ ಊರಿನ ಹೆಂಗಸರು ಮಾತ್ರ ನಂಬಿಯಾರು.

ಗಡ್ಡೆ ಹೂವಿನ ಚರಿತ್ರೆ ಎಂದರೆ ಎಲ್ಲರೂ ಹೇಳುವುದು ಹಾಲೆಂಡಿನ ಟ್ಯೂಲಿಪ್ ಹುಚ್ಚನ್ನು. ಒಂದೊಂದು ಗಡ್ಡೆಗೆ ಮನೆಯ ಬೆಲೆ ಕೂಗಿ, 1637ರ ಫೆಬ್ರವರಿಯಲ್ಲಿ ಬೆಲೆ ಕುಸಿದ ಕಥೆ. ನನ್ನ ಮನಸ್ಸಿಗೆ ನಾಟಿದ್ದು ಬೇರೊಂದು ಕಥೆ. 1872ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಸಿ ವ್ಯಾಪಾರಿಯೊಬ್ಬನಿಗೆ ಮೆಕ್ಸಿಕೋದ ಗೆಳೆಯನಿಂದ ಒಂದು ಪೆಟ್ಟಿಗೆ ಬಂತು. ದೀರ್ಘ ಪ್ರಯಾಣದಲ್ಲಿ ಒಳಗಿದ್ದದ್ದೆಲ್ಲ ಕೊಳೆತಿತ್ತು. ಎಸೆಯದೆ ಕೆದಕಿ ನೋಡಿದಾಗ ಜೀವವಿದ್ದ ಒಂದೇ ಒಂದು ಬೇರಿನ ತುಂಡು ಸಿಕ್ಕಿತಂತೆ. ಅದನ್ನು ನೆಟ್ಟು ಬದುಕಿಸಿದ. ದಳಗಳ ಅಂಚು ಹಿಂದಕ್ಕೆ ಸುರುಳಿಯಾದ, ಕಡುಕೆಂಪಿನ, ಯಾರೂ ಕಾಣದ ಹೂವು ಬಿಟ್ಟಿತು. ಮೆಕ್ಸಿಕೋದ ಅಧ್ಯಕ್ಷ ಹ್ವಾರೆಸ್‌ನ ಹೆಸರನ್ನು ಅದಕ್ಕಿಟ್ಟರು. ಇಂದು ಕ್ಯಾಕ್ಟಸ್ ಡೇಲಿಯಾ ಎನ್ನುವ ಸುರುಳಿ ದಳದ ಬಗೆಗೆ ಅದೇ ಮೂಲ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಲೋಳೆಯನ್ನು ಕೆದಕಿ ನೋಡಿರಲಿಲ್ಲ. ಮೂಗು ಮುಚ್ಚಿಕೊಂಡು ತಿಪ್ಪೆಗೆ ಹಾಕಿದ್ದೆ.

2019ರ ಆಗಸ್ಟಿನ ಮಳೆ ನೆನಪಿದೆಯಲ್ಲ? ನಮ್ಮ ಮನೆಯ ಅಂಗಳದಲ್ಲಿ ದಿನಗಟ್ಟಲೆ ನೀರು ನಿಂತು ಅಮ್ಮನ ಗಡ್ಡೆಗಳೆಲ್ಲ ಹೋದವು. ಫೋನಿನಲ್ಲಿ ಅವಳ ದನಿಯಲ್ಲಿ ಅಂಥ ದುಃಖವೇನೂ ಇರಲಿಲ್ಲ. "ಹೋಗ್ಲಿ ಬಿಡು, ನಿನ್ನ ಹತ್ರ ಇದೆಯಲ್ಲ. ದಸರಾ ರಜೆಗೆ ಬರುವಾಗ ಒಂದು ಗಡ್ಡೆ ತಾ" ಎಂದಳು.

ಇದಕ್ಕೇನು ಹೇಳಲಿ? ಡೇರೆಯ ಬೀಜ ಬಿತ್ತಿದರೆ ತಾಯಿಯಂಥ ಮಗಳು ಹುಟ್ಟುವುದಿಲ್ಲ. ಅದರ ಜೀವಕೋಶದಲ್ಲಿ ವರ್ಣತಂತುಗಳದು ಎರಡೆರಡಲ್ಲ, ಎಂಟೆಂಟು ಪ್ರತಿ. ಪ್ರತಿ ಬೀಜವೂ ಹೊಸ ಬಣ್ಣ, ಹೊಸ ರೂಪ. ಅದೇ ಹೂವು ಬೇಕಾದರೆ ಅದೇ ಗಡ್ಡೆಯ ತುಂಡು ಅಥವಾ ಚಿಗುರಿನ ಕಡ್ಡಿಯೇ ಆಗಬೇಕು. ಅಂಗಡಿಯಲ್ಲಿ ಕೊಂಡು ಮೋಸ ಮಾಡುವ ದಾರಿಯೂ ನನಗಿರಲಿಲ್ಲ. ಅಮ್ಮನಿಗೆ ಮೊದಲ ಹೂವಿಗೇ ತಿಳಿಯುತ್ತಿತ್ತು.

ರಜೆಗೆ ಹೋದ ದಿನ ಅಡುಗೆಮನೆಯಲ್ಲಿ ಹೇಳಿಬಿಟ್ಟೆ. ಅಮ್ಮ ಒಲೆಯಿಂದ ಮುಖ ತಿರುಗಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಆಗ್ಲೇ ಹೇಳಿದ್ರೆ ಆ ವರ್ಷವೇ ಇನ್ನೊಂದು ಕೊಡ್ತಿದ್ದೆ" ಎಂದಳು. ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ಮರುದಿನ ತಾನು ಗಡ್ಡೆ ಕೊಟ್ಟ ಮನೆಗಳನ್ನು ಬೆರಳು ಮಡಚಿ ಎಣಿಸಿದಳು. ಏಳು ಮನೆ. ಇಬ್ಬರೂ ಹೊರಟೆವು. ಒಂದು ಕಡೆ ಅಂಗಳಕ್ಕೆ ಸಿಮೆಂಟು ಬಿದ್ದಿತ್ತು, ಒಂದು ಮನೆಗೆ ಬೀಗ, ಇನ್ನೊಂದು ಕಡೆ ಮಂಗ ಕಿತ್ತು ಹಾಕಿತ್ತು. ಆರನೆಯ ಮನೆಯ ಹಿತ್ತಿಲ ಇಳಿಜಾರಿನಲ್ಲಿ ನೀರು ನಿಂತಿರಲಿಲ್ಲ. ಅಲ್ಲಿ ತಿಳಿ ಗುಲಾಬಿಯ ಒಂದು ಹೂವಿತ್ತು. ಮನೆಯಾಕೆಗೆ ಯಾರು ಕೊಟ್ಟದ್ದೆಂದು ನೆನಪಿಲ್ಲ. ಅಮ್ಮ ದಳಗಳನ್ನು ಬಿಡಿಸಿ ಒಳಗಿನ ಬಣ್ಣವನ್ನು ಬಹಳ ಹೊತ್ತು ನೋಡಿ, "ಇರಬಹುದು" ಎಂದಳು.

ಆ "ಇರಬಹುದು" ಎಂಬ ಡೇರೆ ಈಗ ನಮ್ಮಿಬ್ಬರ ಮನೆಯಲ್ಲೂ ಇದೆ. ಮಲೆನಾಡಿನ ಲೆಕ್ಕ ಬಯಲುಸೀಮೆಗೆ ನಡೆಯದು ಎಂದು ಕಲಿತಿದ್ದೇನೆ. ಇಲ್ಲಿ ಮಳೆ ಕಳೆದ ಮೇಲೆ ನೆಟ್ಟು ಚಳಿಗಾಲಕ್ಕೆ ಹೂವು ನೋಡಬೇಕು. ಬೇಸಿಗೆಯಲ್ಲಿ ಗಡ್ಡೆಗಳು ಒಣ ಮರಳಿನ ಡಬ್ಬಿಯಲ್ಲಿ ನನ್ನ ಮಂಚದ ಕೆಳಗೆ ಮಲಗುತ್ತವೆ. ನೀರಿಲ್ಲ, ಉಪಚಾರವಿಲ್ಲ.

ಕಳೆದ ಸಲ ಡಬ್ಬಿ ತೆಗೆದ ದಿನವೇ ಅಮ್ಮನಿಗೆ ಫೋನು ಮಾಡಿದೆ. "ಎರಡು ಚಿಗುರಿದೆ ಅಮ್ಮಾ, ಒಂದು ಕೊಳೀತು" ಎಂದೆ.

"ಪೂರ್ತಿ ಕೊಳೆತಿದೆಯಾ, ಕುತ್ತಿಗೆ ಹತ್ರ ನೋಡಿದ್ಯಾ?" ಎಂದಳು.

ಫೋನು ಕೆಳಗಿಟ್ಟು ನೋಡಲು ಹೋದೆ.